ಗಣಿತದ ಕಾಗುಣಿತ

‘2ರ ವರ್ಗಮೂಲ ಒಂದು ಅಭಾಗಲಬ್ಧ ಸಂಖ್ಯೆ ಎಂದು ಸಾಧಿಸಿ.’ ಹತ್ತನೇ ತರಗತಿಯ ಮಕ್ಕಳಿಗೆ ಇದು ಚಿರಪರಿಚಿತ ಪ್ರಶ್ನೆ. ಕನ್ನಡ ಮಾಧ್ಯಮದ ಉತ್ತರ ಪತ್ರಿಕೆ ತಿದ್ದುವ ಯಾವ ಮೇಷ್ಟ್ರನ್ನಾದರೂ ಕೇಳಿ. ಸಾಧನೆ ಹಂತ ಹಂತವಾಗಿ ಸರಿಯಿರುತ್ತದೆ, ತರ್ಕ ಎಲ್ಲೂ ಮುಗ್ಗರಿಸಿರುವುದಿಲ್ಲ. ಆದರೆ ಕೊನೆಯ ಸಾಲಿನಲ್ಲಿ ಅಭಾಗಲಭ್ದ ಎಂದಿರುತ್ತದೆ. ಇಲ್ಲವೇ ಅಭಾಗಲಬ್ದ, ಅಬಾಗಲಬ್ಧ, ಅಭಾಗಲಭ್ಧ. ಒಂದೇ ಮಗು ಒಂದೇ ಪುಟದಲ್ಲಿ ಎರಡು ರೀತಿ ಬರೆದದ್ದೂ ಉಂಟು. ಲೆಕ್ಕ ಬಂದ ಮಗುವಿಗೆ ಪದ ಬರಲಿಲ್ಲ. ಇದು ಸಣ್ಣ ಸಂಗತಿ ಎಂದು ನನಗೆ ಅನ್ನಿಸುವುದಿಲ್ಲ. ಹಾಗೆ ಬರೆದ ಮಗುವಿಗೆ ಆ ಪದದ ಒಳಗೆ ಏನಿದೆ ಎಂದು ಯಾರೂ ತೋರಿಸಿಲ್ಲ ಎಂದೇ ಅರ್ಥ.

ಕನ್ನಡದಲ್ಲಿ ನುಡಿದಂತೆ ಬರೆಯುತ್ತೇವೆ, ಬರೆದಂತೆ ಓದುತ್ತೇವೆ. ಹಾಗಾಗಿ ಇಂಗ್ಲಿಷಿನವರ ಸ್ಪೆಲ್ಲಿಂಗ್ ಕಾಟ ನಮಗಿಲ್ಲ ಎಂದು ಹೇಳಿಕೊಳ್ಳುತ್ತೇವೆ. ಮನೆಮಾತಿನ ಪದಗಳಿಗೆ ಇದು ನಿಜ. ಮರ, ಕೊಳೆ, ಬಟ್ಟಲು ಎಂದು ಬರೆಯುವಾಗ ಯಾರೂ ತಡವರಿಸುವುದಿಲ್ಲ. ಗಣಿತದ ಪದಗಳು ಹೆಚ್ಚಿನವು ಸಂಸ್ಕೃತದಿಂದ ಬಂದವು. ಅವುಗಳಲ್ಲಿ ಮಹಾಪ್ರಾಣಗಳಿವೆ, ಋ ಇದೆ, ಶ ಮತ್ತು ಷ ಎರಡೂ ಇವೆ. ನಮ್ಮ ದಿನದ ಮಾತಿನಲ್ಲಿ ಇವುಗಳ ವ್ಯತ್ಯಾಸ ಬಹುಪಾಲು ಕೇಳಿಸುವುದೇ ಇಲ್ಲ. ಕಿವಿಗೆ ಕೇಳಿಸದ್ದನ್ನು ಕೈ ಬರೆಯಬೇಕು. ತೊಡಕು ಇರುವುದು ಇಲ್ಲಿ.

ಈ ಕಾರಣಕ್ಕೇ ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಕನ್ನಡ ಬರಹದಿಂದ ಮಹಾಪ್ರಾಣಗಳನ್ನೇ ಕೈಬಿಡಬೇಕು ಎಂದು ವಾದಿಸಿದರು. ತಮ್ಮ ಪುಸ್ತಕಗಳನ್ನು ಹಾಗೆ ಬರೆದೂ ತೋರಿಸಿದರು. ಮಕ್ಕಳ ಮೇಲಿನ ಹೊರೆ ಇಳಿಯಬೇಕೆಂಬ ಅವರ ಕಾಳಜಿ ದೊಡ್ಡದು, ಅದನ್ನು ಹಗುರವಾಗಿ ತೆಗೆದುಹಾಕುವಂತಿಲ್ಲ. ಆದರೆ ಪಠ್ಯಪುಸ್ತಕ, ಪರೀಕ್ಷೆ, ಪತ್ರಿಕೆ ಎಲ್ಲವೂ ಹಳೆಯ ಬರಹದಲ್ಲೇ ನಡೆಯುತ್ತಿರುವಾಗ ಇಂದಿನ ಮಗುವಿಗೆ ಬೇಕಾದದ್ದು ಆ ಬರಹ ಸುಲಭವಾಗಿ ನೆನಪಿರುವ ದಾರಿ. ಒಂದೊಂದು ಪದವನ್ನೂ ಕಣ್ಣಿನಿಂದ ಬಾಯಿಪಾಠ ಮಾಡುವುದು ಆ ದಾರಿಯಲ್ಲ. ಪ್ರತಿ ಕಷ್ಟದ ಪದಕ್ಕೂ ನೆಂಟರಿರುತ್ತಾರೆ, ಅವರಲ್ಲಿ ಒಬ್ಬರಾದರೂ ಮಗುವಿಗೆ ಮೊದಲೇ ಗೊತ್ತಿರುತ್ತಾರೆ. ಆ ನೆಂಟರನ್ನು ಕರೆತಂದರೆ ಸಾಕು.

ಲಬ್ಧವನ್ನೇ ನೋಡೋಣ. ಅದರ ನೆಂಟ ಲಾಭ. ಲಾಭ ಎಂದರೆ ಸಿಕ್ಕಿದ್ದು, ಲಬ್ಧ ಎಂದರೂ ಸಿಕ್ಕಿದ್ದು. ಭಾಗಿಸಿದಾಗ ಸಿಕ್ಕಿದ್ದು ಭಾಗಲಬ್ಧ, ಗುಣಿಸಿದಾಗ ಸಿಕ್ಕಿದ್ದು ಗುಣಲಬ್ಧ. ಲಾಭದಲ್ಲಿ ಮಹಾಪ್ರಾಣ ಭಕಾರದಲ್ಲಿದೆ. ಅದಕ್ಕೆ ಕೆಳಗೊಂದು ಒತ್ತು ಸೇರಿದಾಗ ಆ ಉಸಿರು ಕೆಳಗಿನ ಅಕ್ಷರಕ್ಕೆ ಇಳಿಯುತ್ತದೆ: ಮೇಲೆ ಬರೀ ಬ, ಕೆಳಗೆ ಧ. ಇದು ಲಬ್ಧಕ್ಕೆ ಮಾತ್ರ ಸೇರಿದ ಲೆಕ್ಕವಲ್ಲ. ಲೋಭದಿಂದ ಲುಬ್ಧ, ಕ್ಷೋಭೆಯಿಂದ ಕ್ಷುಬ್ಧ, ಸ್ತಂಭದಿಂದ ಸ್ತಬ್ಧ, ಆರಂಭದಿಂದ ಪ್ರಾರಬ್ಧ. ಐದಕ್ಕೆ ಐದರಲ್ಲೂ ಭ ಹೋಗಿ ಬ್ಧ ಬಂದಿದೆ. ಕ್ರೋಧದಿಂದ ಕ್ರುದ್ಧ, ಬೋಧದಿಂದ ಬುದ್ಧ, ಶೋಧದಿಂದ ಶುದ್ಧ ಬರುವುದೂ ಇದೇ ಕ್ರಮದಲ್ಲಿ. ಇಷ್ಟು ನೋಡಿದ ಮೇಲೆ ಒಂದು ನಿಯಮ ತಾನಾಗಿ ಕಾಣುತ್ತದೆ. ಒತ್ತಕ್ಷರದಲ್ಲಿ ಕೆಳಗಿರುವುದು ದ, ಧ, ತ, ಥ, ಚ, ಛ ಇಂಥ ವರ್ಗಾಕ್ಷರವಾದರೆ ಮೇಲಿನದಕ್ಕೆ ಹೊಟ್ಟೆ ಸೀಳುವುದಿಲ್ಲ, ಎಂದರೆ ಅದು ಮಹಾಪ್ರಾಣವಾಗುವುದಿಲ್ಲ. ಭ್ದ, ಭ್ಧ, ಧ್ದ, ಧ್ಧ ಇವು ಯಾವ ಸಂಸ್ಕೃತ ಪದದಲ್ಲೂ ಬರುವುದಿಲ್ಲ. ಬರೆದು ನೋಡಿದಾಗ ಇವುಗಳಲ್ಲಿ ಒಂದು ಕಂಡರೆ ಕಣ್ಣುಮುಚ್ಚಿ ತಿದ್ದಬಹುದು. ಒತ್ತಾಗಿ ಯ, ರ, ಲ, ವ ಅಥವಾ ಅನುನಾಸಿಕ ಬಂದಾಗ ಮಾತ್ರ ಮೇಲಿನದು ಮಹಾಪ್ರಾಣವಾಗಿರಬಹುದು: ಸಂಖ್ಯೆ, ಮಧ್ಯಾಂಕ, ವಿಘ್ನ. ಮಧ್ಯಾಂಕದ ಧಕಾರ ತಪ್ಪಿದರೆ ಪದ ಮಾತ್ರವಲ್ಲ ಅರ್ಥವೂ ಕೆಡುತ್ತದೆ. ಮಧ್ಯ ಎಂದರೆ ನಡು, ಮದ್ಯ ಎಂದರೆ ಹೆಂಡ.

ಒಂದು ಎಚ್ಚರಿಕೆ. ಲಬ್ಧ ಕಲಿತ ಹುರುಪಿನಲ್ಲಿ ಶಬ್ದವನ್ನೂ ಶಬ್ಧ ಎಂದು ಬರೆಯುವವರಿದ್ದಾರೆ. ಶಬ್ದಕ್ಕೆ ಭಕಾರದ ನೆಂಟರು ಯಾರೂ ಇಲ್ಲ, ಆದ್ದರಿಂದ ಕೆಳಗೆ ಇಳಿಯಲು ಉಸಿರೂ ಇಲ್ಲ. ಶತಾಬ್ದಿಯೂ ಹಾಗೆಯೇ.

ಭಿನ್ನರಾಶಿಯ ಅಧ್ಯಾಯಕ್ಕೆ ಬಂದರೆ ಮಕ್ಕಳು ಎಡವುವ ಎರಡು ಪದಗಳು ಒಟ್ಟಿಗೇ ಸಿಗುತ್ತವೆ: ಬಿನ್ನರಾಶಿ, ಚೇದ. ಇವೆರಡಕ್ಕೂ ಒಂದೇ ಮದ್ದು ಇದೆ, ಅದು ನಮ್ಮ ಮಾತಿನಲ್ಲೇ ಓಡಾಡುತ್ತಿದೆ. ಛಿನ್ನಭಿನ್ನ. ಛಿನ್ನ ಎಂದರೆ ಕತ್ತರಿಸಿದ್ದು, ಭಿನ್ನ ಎಂದರೆ ಒಡೆದದ್ದು. ಛಿನ್ನದ ಮನೆಯವರು ಛೇದ, ಛಿದ್ರ, ವಿಚ್ಛೇದನ. ಭಿನ್ನದ ಮನೆಯವರು ಭೇದ, ಅಭಿನ್ನ, ಶಂಕುವಿನ ತಲೆ ಕತ್ತರಿಸಿದಾಗ ಉಳಿಯುವ ಭಿನ್ನಕ. ರೇಖೆ ರೇಖೆಯನ್ನು ಛೇದಿಸುವುದೂ, ವೃತ್ತವನ್ನು ಎರಡು ಕಡೆ ಕತ್ತರಿಸಿ ಹೋಗುವ ಛೇದಕವೂ ಈ ಗುಂಪಿನವೇ. ಛಿನ್ನಭಿನ್ನವನ್ನು ಒಮ್ಮೆ ಉಸಿರು ತುಂಬಿ ಗಟ್ಟಿಯಾಗಿ ಹೇಳಿಸಿದರೆ ಅಂಶದ ಕೆಳಗಿನ ಛೇದ ಮತ್ತೆ ಚೇದವಾಗುವುದಿಲ್ಲ.

‘ಉಸಿರು ತುಂಬಿ’ ಎಂದು ಸುಮ್ಮನೆ ಹೇಳಲಿಲ್ಲ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಬ ಎಂದು ಹೇಳಿ, ಆಮೇಲೆ ಭ ಎಂದು ಹೇಳಿ. ಭ ಹೇಳಿದಾಗ ಅಂಗೈಗೆ ಗಾಳಿ ತಾಗಬೇಕು. ತಾಗದಿದ್ದರೆ ನಾವು ಹೇಳಿದ್ದು ಬ ಎಂದೇ. ಮಹಾಪ್ರಾಣ ಎಂಬ ಹೆಸರಿನ ಅರ್ಥವೂ ದೊಡ್ಡ ಉಸಿರು. ಇದನ್ನು ಮೂರನೇ ತರಗತಿಯ ಮಕ್ಕಳಿಗೆ ಮಾಡಿಸಿದರೆ ಆಟದಂತೆ ಕಲಿಯುತ್ತಾರೆ. ಹೈಸ್ಕೂಲಿನಲ್ಲಿ ಮೇಷ್ಟ್ರು ಘಾತಾಂಕ ಎಂದು ಬಾಯಲ್ಲಿ ಸರಿಯಾಗಿ ನುಡಿದರೆ ಅರ್ಧ ಕೆಲಸ ಮುಗಿಯಿತು. ಮೇಷ್ಟ್ರೇ ಗಾತಾಂಕ ಎಂದು ನುಡಿದರೆ ನಲವತ್ತು ಮಕ್ಕಳೂ ಹಾಗೆಯೇ ಬರೆಯುತ್ತಾರೆ, ಅದು ಅವರ ತಪ್ಪಲ್ಲ.

ಘಾತಾಂಕದ ನೆಂಟರು ದಿನಾ ಪತ್ರಿಕೆಯಲ್ಲಿ ಬರುತ್ತಾರೆ: ಅಪಘಾತ, ಹೃದಯಾಘಾತ. ಘಾತ ಎಂದರೆ ಹೊಡೆತ. ಹಳೆಯ ಸಂಸ್ಕೃತ ಗಣಿತ ಗ್ರಂಥಗಳಲ್ಲಿ ಗುಣಿಸುವುದಕ್ಕೆ ಹನನ, ವಧ, ಘಾತ ಎಂಬ ಹೆಸರುಗಳಿವೆ. ಒಂದು ಸಂಖ್ಯೆಯನ್ನು ಅದರಿಂದಲೇ ಮತ್ತೆ ಮತ್ತೆ ಹೊಡೆಯುವುದು ಘಾತ, ಎಷ್ಟು ಹೊಡೆತ ಎಂದು ತಿಳಿಸುವ ಅಂಕ ಘಾತಾಂಕ.

ಶ್ರೇಢಿಯ ಕಥೆ ಇನ್ನೂ ಸ್ವಾರಸ್ಯದ್ದು. ಸಮಾಂತರ ಶ್ರೇಢಿ ಎಂಬ ಅಧ್ಯಾಯದ ಹೆಸರನ್ನು ಮಕ್ಕಳು ಶ್ರೇಡಿ, ಶ್ರೇಧಿ, ಶ್ರೇಣಿ ಎಂದೆಲ್ಲ ಬರೆಯುತ್ತಾರೆ. ಶ್ರೇಣಿ ಬೇರೆ ಪದ. ದರ್ಜೆ, ಸಾಲು ಎಂಬ ಅರ್ಥದಲ್ಲಿ ಬಳಕೆಯಲ್ಲಿದೆ. ಶ್ರೇಢಿ ಗಣಿತದ್ದೇ ಹಳೆಯ ಪದ. 12ನೇ ಶತಮಾನದ ಭಾಸ್ಕರಾಚಾರ್ಯರ ‘ಲೀಲಾವತಿ’ಯಲ್ಲಿ ಶ್ರೇಢೀ ವ್ಯವಹಾರ ಎಂಬ ಪ್ರಕರಣವಿದೆ. ಹೆಚ್ಚೂಕಡಿಮೆ ಅದೇ ಕಾಲಕ್ಕೆ ನಮ್ಮ ರಾಜಾದಿತ್ಯ ‘ವ್ಯವಹಾರಗಣಿತ’ವನ್ನು ಕನ್ನಡದಲ್ಲೇ ಬರೆದ. ಅದಕ್ಕೂ ಮೊದಲು, 9ನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ ರಚಿಸಿದ್ದರು. ಈ ನೆಲದಲ್ಲಿ ಲೆಕ್ಕದ ಪುಸ್ತಕಗಳಿಗೆ ಇಷ್ಟು ವಯಸ್ಸಾಗಿದೆ. ಶ್ರೇಢಿಯಂಥ ಪದಗಳನ್ನು ಮೊನ್ನೆ ಮೊನ್ನೆ ಯಾರೋ ಸಮಿತಿಯಲ್ಲಿ ಕೂತು ಹುಟ್ಟಿಸಿದ್ದಲ್ಲ. ಆದರೆ ಇವತ್ತು ಅದರ ಢಕಾರವನ್ನು ಮಗು ನೆನಪಿಡುವುದು ಹೇಗೆ? ತನ್ನ ನೋಟ್ ಪುಸ್ತಕದ ಮೇಲಿನ ಚೀಟಿಯನ್ನು ನೋಡಬೇಕು. ಅಲ್ಲಿ ಸರ್ಕಾರಿ ಪ್ರೌಢಶಾಲೆ ಎಂದು ತಾನೇ ಬರೆದಿರುತ್ತದೆ. ಪ್ರೌಢದ ಢ ಯಾವುದೋ ಶ್ರೇಢಿಯ ಢ ಅದೇ. ರೂಢಿ, ಶ್ರೇಢಿ ಎಂದು ಪ್ರಾಸ ಕಟ್ಟಿ ಹೇಳಿಕೊಂಡರೂ ಆಯಿತು.

ಎಲ್ಲ ತಪ್ಪುಗಳೂ ಮಹಾಪ್ರಾಣ ಬಿಟ್ಟದ್ದರಿಂದ ಆಗುವುದಿಲ್ಲ, ಬೇಡದ ಕಡೆ ಹಾಕಿದ್ದರಿಂದಲೂ ಆಗುತ್ತವೆ. ಶಂಕುವನ್ನು ಶಂಖು ಎಂದು ಬರೆಯುವ ಮಗುವಿನ ಮನಸ್ಸಿನಲ್ಲಿ ದೇವರಮನೆಯ ಶಂಖ ಇದೆ. ಶಂಕು ಎಂದರೆ ನೆಲಕ್ಕೆ ಹೊಡೆಯುವ ಗೂಟ. ಮಂತ್ರಿಗಳು ಊರೂರಿನಲ್ಲಿ ನೆರವೇರಿಸುವ ಶಂಕುಸ್ಥಾಪನೆಯ ಶಂಕುವೇ ಅದು. ಹಿಂದಿನ ಜ್ಯೋತಿರ್ವಿದರು ಬಯಲಿನಲ್ಲಿ 12 ಅಂಗುಲದ ಶಂಕು ನಿಲ್ಲಿಸಿ, ಅದರ ನೆರಳನ್ನು ಅಳೆದು ಹೊತ್ತು ತಿಳಿಯುತ್ತಿದ್ದರು. ಚೂಪು ತುದಿಯ ಆಕೃತಿಗೆ ಅದೇ ಹೆಸರು ಉಳಿಯಿತು.

ಬೇಡದ ಮಹಾಪ್ರಾಣಕ್ಕೆ ಇನ್ನೊಂದು ದೊಡ್ಡ ಉದಾಹರಣೆ ಬಾಹು. ಸಮಬಾಹು ತ್ರಿಭುಜ, ಸಮದ್ವಿಬಾಹು ತ್ರಿಭುಜ, ಅಸಮಬಾಹು ತ್ರಿಭುಜ. ಬಾಹು ಎಂದರೂ ತೋಳು, ಭುಜ ಎಂದರೂ ತೋಳು; ಎರಡೂ ಒಂದೇ ಹೆಸರಿನಲ್ಲಿ ಪಕ್ಕಪಕ್ಕದಲ್ಲಿ ಕೂತಿವೆ. ಒಂದಕ್ಕೆ ಬ, ಇನ್ನೊಂದಕ್ಕೆ ಭ. ಸಮಭಾಹು ತ್ರಿಬುಜ ಎಂದು ಅದಲುಬದಲಾಗುವುದರಲ್ಲಿ ಆಶ್ಚರ್ಯವಿಲ್ಲ. ಇಲ್ಲಿ ಒಂದು ಸುಲಭದ ಸೂಚನೆ ಇದೆ. ಬಾಹುವಿನಲ್ಲಿ ಹಕಾರ ಬೇರೆಯಾಗಿಯೇ ಕಾಣುತ್ತದೆ, ಹಾಗಾಗಿ ಮುಂದಿನ ಬಕಾರಕ್ಕೆ ಉಸಿರು ಬೇಕಿಲ್ಲ. ಭುಜದಲ್ಲಿ ಹ ಇಲ್ಲ, ಅದು ಭಕಾರದ ಒಳಗೇ ಸೇರಿದೆ. ನೆನಪಿಗಾಗಿ ಕಟ್ಟಿದ ಮಾತಿನಂತೆ ಇದು ಕೇಳಿಸಬಹುದು, ಆದರೆ ಭಾಷೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ. ಒಂದೇ ಧಾತುವಿನಲ್ಲಿ ಎರಡು ಉಸಿರುಗಳು ಹಿಂದೆ ಹಿಂದೆಯೇ ಬಂದರೆ ಸಂಸ್ಕೃತ ಮೊದಲನೆಯದನ್ನು ಬಿಟ್ಟುಕೊಡುತ್ತದೆ. ಬೋಧನೆ, ಬಾಧೆ, ಬಂಧು ಇವುಗಳಲ್ಲೆಲ್ಲ ಮೊದಲ ಅಕ್ಷರ ಅಲ್ಪಪ್ರಾಣವಾಗಿರುವುದನ್ನು ನೋಡಿ. ಭೋಧನೆ, ಭಾಧೆ ಎಂದು ದೊಡ್ಡ ಫಲಕಗಳಲ್ಲೇ ಬರೆದಿರುತ್ತಾರೆ. ಭೇದವನ್ನು ಭೇಧ ಎಂದೂ, ಛೇದವನ್ನು ಛೇಧ ಎಂದೂ, ಖಂಡವನ್ನು ಖಂಢ ಎಂದೂ ಬರೆಯುವಾಗ ‘ಒಂದು ಧಾತುವಿಗೆ ಒಂದು ಉಸಿರು’ ಎಂದುಕೊಂಡರೆ ಕೈ ತಡೆಯುತ್ತದೆ. ಘನಫಲದಂಥ ಸಮಾಸಪದಗಳಲ್ಲಿ ಎರಡು ಪದಗಳಿರುವುದರಿಂದ ಎರಡು ಮಹಾಪ್ರಾಣಗಳಿರುತ್ತವೆ, ಅದು ಬೇರೆ ಲೆಕ್ಕ.

ಕನ್ನಡ ಮಾಧ್ಯಮದಿಂದ ಪಿಯುಸಿಗೆ ಹೋದ ಮಕ್ಕಳಿಗೆ ಇದೇ ತ್ರಿಭುಜಗಳು ಇಂಗ್ಲಿಷ್ ವೇಷದಲ್ಲಿ ಎದುರಾಗುತ್ತವೆ. ಅಲ್ಲಿಯೂ ನೆಂಟರ ದಾರಿ ನಡೆಯುತ್ತದೆ. ಸಮದ್ವಿಬಾಹುವಿಗೆ ಐಸೊಸೆಲೀಸ್ ಎಂದು ಹೆಸರು. ಐಸೊ ಎಂದರೆ ಗ್ರೀಕಿನಲ್ಲಿ ಸಮ, ಸ್ಕೆಲೊಸ್ ಎಂದರೆ ಕಾಲು. ನಮಗೆ ತೋಳಾಗಿ ಕಂಡದ್ದು ಗ್ರೀಕರಿಗೆ ಕಾಲಾಗಿ ಕಂಡಿತು. ಆ ಸ್ಕೆಲೊಸ್‌ನ ನೆನಪಿಗೆ ಐಸೊ ಆದ ಮೇಲೆ ಎಸ್ ಮತ್ತು ಸಿ ಎರಡೂ ಬರುತ್ತವೆ, ಬಾಯಲ್ಲಿ ಒಂದೇ ಕೇಳಿಸಿದರೂ ಕೂಡ. ಪ್ಯಾರಲೆಲ್ ಎಂಬ ಪದದ ನಡುವೆ ಎರಡು ಎಲ್‌ಗಳು ಪಕ್ಕಪಕ್ಕದಲ್ಲಿ ನೆಟ್ಟಗೆ ನಿಂತಿವೆ, ಅವೇ ಎರಡು ಸಮಾಂತರ ರೇಖೆಗಳು. ಕೊನೆಯ ಎಲ್ ಒಂದೇ. ಕರ್ಣಕ್ಕೆ ಹೈಪಾಟೆನ್ಯೂಸ್ ಎನ್ನುವಾಗ ಟಿ ಅಕ್ಷರದ ನಂತರ ಎಚ್ ಇಲ್ಲ, ಹೈಪಾಥಿಸಿಸ್‌ನಲ್ಲಿ ಇದೆ. ತ್ರಾಪಿಜ್ಯ ಎಂಬ ಪದವಂತೂ ಎರಡೂ ಭಾಷೆಗಳ ನಡುವೆ ನಿಂತಿದೆ. ಅದು ಟ್ರೆಪೀಜಿಯಂ ಎಂಬುದರ ಕನ್ನಡ ರೂಪ. ಮೂಲದಲ್ಲಿ ಗ್ರೀಕರ ಮೇಜು, ಟ್ರಪೆಜಾ. ನೋಡಲು ತ್ರಿ ಇದ್ದಂತಿದೆ, ಜ್ಯಾ ಇದ್ದಂತಿದೆ, ಆದರೆ ಎರಡೂ ಇಲ್ಲ. ಆದ್ದರಿಂದ ತ್ರಿಪಿಜ್ಯ ಎಂದು ಬರೆಯಬಾರದು, ಅದಕ್ಕಿರುವುದು ನಾಲ್ಕು ಬಾಹುಗಳು.

ನಿಜವಾಗಿ ತ್ರಿ ಮತ್ತು ಜ್ಯಾ ಎರಡೂ ಇರುವ ಪದ ತ್ರಿಜ್ಯ. ವೃತ್ತದ ಕೇಂದ್ರದಿಂದ ಪರಿಧಿಗೆ ಎಳೆದ ಗೆರೆಗೂ ಮೂರಕ್ಕೂ ಏನು ಸಂಬಂಧ? ಜ್ಯಾ ಎಂದರೆ ಬಿಲ್ಲಿನ ಹೆದೆ. ವೃತ್ತದ ಕಂಸ ಬಿಲ್ಲಾದರೆ ಅದರ ಎರಡು ತುದಿಗಳನ್ನು ಸೇರಿಸುವ ಗೆರೆ ಹೆದೆ. ನಮ್ಮ ಖಗೋಳ ಗಣಿತದಲ್ಲಿ ಅರ್ಧ ಹೆದೆಯನ್ನೇ ಜ್ಯಾ ಎಂದು ಕರೆದು ಲೆಕ್ಕ ಹಾಕುತ್ತಿದ್ದರು. ಆಕಾಶದ ವೃತ್ತಕ್ಕೆ 12 ರಾಶಿ, ಒಂದು ರಾಶಿಗೆ 30 ಡಿಗ್ರಿ. ಮೂರು ರಾಶಿ ಎಂದರೆ 90 ಡಿಗ್ರಿ. ಅಷ್ಟು ಕೋನಕ್ಕೆ ಬರುವ ಜ್ಯಾ ಸರಿಯಾಗಿ ಕೇಂದ್ರದಿಂದ ಪರಿಧಿಯವರೆಗಿನ ಉದ್ದ. ಮೂರು ರಾಶಿಗಳ ಜ್ಯಾ, ತ್ರಿರಾಶಿಜ್ಯಾ, ಕಿರಿದಾಗಿ ತ್ರಿಜ್ಯಾ, ಕನ್ನಡದಲ್ಲಿ ತ್ರಿಜ್ಯ. 499ರಲ್ಲಿ ‘ಆರ್ಯಭಟೀಯ’ ಬರೆದ ಆರ್ಯಭಟ ವೃತ್ತದ ಪರಿಧಿಯನ್ನು 21600 ಕಲೆಗಳಾಗಿ ಹಂಚಿಕೊಂಡು, ಅದಕ್ಕೆ ತ್ರಿಜ್ಯ 3438 ಎಂದು ಹಿಡಿದು ಜ್ಯಾಗಳ ಕೋಷ್ಟಕ ಕೊಟ್ಟ. ಒಮ್ಮೆ ಈ ಮೂರು ರಾಶಿಗಳ ಚಿತ್ರವನ್ನು ಕರಿಹಲಗೆಯ ಮೇಲೆ ಬಿಡಿಸಿ ತೋರಿಸಿದರೆ ಯಾವ ಮಗುವೂ ತ್ರೀಜ್ಯ, ತ್ರಿಜ್ಞ ಎಂದು ಬರೆಯಲಾರದು.

ಈ ಜ್ಯಾ ಪಶ್ಚಿಮಕ್ಕೆ ಹೋದದ್ದು ಕಾಗುಣಿತ ಎಷ್ಟು ದೂರ ಮುಟ್ಟುತ್ತದೆ ಎಂಬುದಕ್ಕೆ ಸಾಕ್ಷಿ. ಜ್ಯಾ ಎಂಬುದಕ್ಕೆ ಸಂಸ್ಕೃತದಲ್ಲಿ ಜೀವಾ ಎಂದೂ ಹೆಸರು. ಅರಬ್ಬರು ಅದನ್ನು ಜೀಬಾ ಎಂದು ತೆಗೆದುಕೊಂಡರು. ಅರಬ್ಬಿ ಬರಹದಲ್ಲಿ ಹ್ರಸ್ವ ಸ್ವರಗಳನ್ನು ಸಾಮಾನ್ಯವಾಗಿ ಬರೆಯುವುದಿಲ್ಲ, ವ್ಯಂಜನದ ಕಟ್ಟಷ್ಟೇ ಮುಖ್ಯ. ಮುಂದೆ ಓದಿದವರಿಗೆ ಜೀಬಾ ಎಂಬ ಪರಕೀಯ ಪದ ಗೊತ್ತಿರಲಿಲ್ಲ, ಅದೇ ಅಕ್ಷರಗಳನ್ನು ತಮ್ಮದೇ ಪದ ಜೈಬ್ ಎಂದು ಓದಿಕೊಂಡರು. ಜೈಬ್ ಎಂದರೆ ಬಟ್ಟೆಯ ಮಡಿಕೆ, ಮಡಿಲು. ಪಾರಸಿಯ ಮೂಲಕ ಬಂದು ನಮ್ಮ ಅಂಗಿಗೆ ಅಂಟಿದ ಜೇಬು ಆ ಪದವೇ. 12ನೇ ಶತಮಾನದಲ್ಲಿ ಅರಬ್ಬಿ ಗ್ರಂಥಗಳನ್ನು ಲ್ಯಾಟಿನ್ನಿಗೆ ತಂದವರು ಜೈಬ್ ಎಂಬುದನ್ನು ಅರ್ಥ ನೋಡಿ ಅನುವಾದಿಸಿದರು: ಸೈನಸ್. ಅದೇ ಸೈನ್ ಆಗಿ ನಮ್ಮ ತ್ರಿಕೋನಮಿತಿಯ ಪುಟಗಳಿಗೆ ಮರಳಿ ಬಂದಿದೆ. ಬಿಲ್ಲಿನ ಹೆದೆ ಮಡಿಲಾಗಿ ಹೋದದ್ದಕ್ಕೆ ಕಾರಣ ಬರೆಯದೆ ಬಿಟ್ಟ ಸ್ವರಗಳು.

ಋಕಾರಕ್ಕೆ ಬರೋಣ. ವೃತ್ತವನ್ನು ವ್ರತ್ತ ಎಂದೂ, ಆಕೃತಿಯನ್ನು ಆಕ್ರತಿ ಎಂದೂ ಬರೆಯುವುದು ಬಹಳ. ವಟ್ರಸುಳಿ ಹಾಕಬೇಕೋ ರಕಾರದ ಒತ್ತು ಕೊಡಬೇಕೋ ಎಂಬ ಗೊಂದಲಕ್ಕೆ ಒಂದು ಪರೀಕ್ಷೆ ಇದೆ, ನನಗೆ ತುಂಬ ಇಷ್ಟವಾದ ಪರೀಕ್ಷೆ. ಆ ಪದದ ನೆಂಟರಲ್ಲಿ ಎಲ್ಲಾದರೂ ‘ಅರ್’ ಎಂಬ ಧ್ವನಿ ಕೇಳಿಸುತ್ತದೆಯೇ ನೋಡಿ. ಕೇಳಿಸಿದರೆ ವಟ್ರಸುಳಿ. ಮೃತ ಎಂಬುದಕ್ಕೆ ಮರಣ, ಸ್ಮೃತಿಗೆ ಸ್ಮರಣೆ, ದೃಷ್ಟಿಗೆ ದರ್ಶನ, ವೃದ್ಧಿಗೆ ವರ್ಧನೆ, ಕೃತಿಗೆ ಕರ್ತೃ. ವೃತ್ತಕ್ಕೆ ವರ್ತುಲ, ಆವರ್ತ. ಅಪವರ್ತನದ ವರ್ತನವೂ ಇದೇ ಧಾತುವಿನದು, ವೃತ್ತವೂ ಅಪವರ್ತನವೂ ಒಂದೇ ಮನೆಯವರು ಎಂದು ನಾವು ಯೋಚಿಸಿಯೇ ಇರುವುದಿಲ್ಲ. ಕ್ರಮ, ಪ್ರಮೇಯ, ತ್ರಿಕೋನ ಇವುಗಳಿಗೆ ಅಂಥ ‘ಅರ್’ ನೆಂಟರಿಲ್ಲ, ಅಲ್ಲಿ ರಕಾರದ ಒತ್ತೇ. ಎರಡೂ ಒಂದೇ ಪದದಲ್ಲಿ ಬೇಕೆಂದರೆ ವಜ್ರಾಕೃತಿ ಇದೆ: ವಜ್ರಕ್ಕೆ ಒತ್ತು, ಆಕೃತಿಗೆ ವಟ್ರಸುಳಿ. ತರಗತಿಯಲ್ಲಿ ಯಾರು ಕಲಿತಿದ್ದಾರೆಂದು ತಿಳಿಯಲು ಈ ಒಂದು ಪದದ ಉಕ್ತಲೇಖನ ಸಾಕು. ಕೋನದ ಶೃಂಗಕ್ಕೆ ಮಾತ್ರ ಈ ಪರೀಕ್ಷೆ ಒದಗುವುದಿಲ್ಲ. ಅದಕ್ಕೆ ಶೃಂಗೇರಿಯ ಬಸ್ಸಿನ ಬೋರ್ಡು ನೆನೆದುಕೊಳ್ಳಬೇಕು. ಶೃಂಗ ಎಂದರೆ ಕೊಂಬು, ಶಿಖರ. ಋಷ್ಯಶೃಂಗ ಮುನಿಯ ಹೆಸರಿನೊಂದಿಗೆ ಆ ಊರಿನ ಹೆಸರು ಹೆಣೆದುಕೊಂಡಿದೆ. ಶೃಂಗಾಭಿಮುಖ ಕೋನಗಳು ಸಮ ಎಂದು ಬರೆಯುವಾಗ ಶೃಂಗೇರಿಯನ್ನು ಬರೆದಂತೆಯೇ ಬರೆಯುವುದು.

ಶ ಮತ್ತು ಷ. ಭಾಗಿಸಿ ಉಳಿದದ್ದು ಶೇಷ. ಮೊದಲು ಶ, ಆಮೇಲೆ ಷ. ವಿಶೇಷ, ಶಿಷ್ಯ, ಶೋಷಣೆ, ಶೀರ್ಷಿಕೆ, ಶ್ರೇಷ್ಠ ಎಲ್ಲದರಲ್ಲೂ ಇದೇ ಸರದಿ. ಎರಡೂ ಒಂದೇ ಪದದಲ್ಲಿದ್ದರೆ ವರ್ಣಮಾಲೆಯ ಕ್ರಮದಲ್ಲೇ ಬರುತ್ತವೆ ಎಂದು ಧೈರ್ಯವಾಗಿ ಹೇಳಬಹುದು. ಇದನ್ನು ಮುರಿಯುವುದು ಸಮಾಸಪದಗಳು. ಉದಾಹರಣೆಗೆ ಷೋಡಶ, ಹದಿನಾರು. ಅದೇಕೆ ಎಂದರೆ ಅದರಲ್ಲಿ ಎರಡು ಸಂಖ್ಯೆಗಳು ಸೇರಿವೆ. ಷಟ್ಕೋನದ ಷಟ್ ಮುಂದಿದೆ, ದಶಮಾಂಶದ ದಶ ಹಿಂದಿದೆ. ಆರಕ್ಕೆ ಷ, ಹತ್ತಕ್ಕೆ ಶ. ಇನ್ನು ಟ, ಠ, ಣಗಳ ಮೇಲೆ ಯಾವಾಗಲೂ ಷ ಬರುತ್ತದೆ: ಅಷ್ಟಭುಜ, ಕೋಷ್ಟಕ, ಕನಿಷ್ಠ. ಕನಿಷ್ಠ, ಗರಿಷ್ಠಗಳಲ್ಲಿ ಟ ಬರೆಯಬೇಕೋ ಠ ಬರೆಯಬೇಕೋ ಎಂಬುದಕ್ಕೆ ಅರ್ಥವೇ ಉತ್ತರ ಹೇಳುತ್ತದೆ. ಎಲ್ಲಕ್ಕಿಂತ ಹೆಚ್ಚು, ಎಲ್ಲಕ್ಕಿಂತ ಕಡಿಮೆ ಎಂಬ ಅರ್ಥವಿದ್ದರೆ ಠ: ಶ್ರೇಷ್ಠ, ಜ್ಯೇಷ್ಠ, ಬಲಿಷ್ಠ, ವರಿಷ್ಠ. ಆ ಅರ್ಥವಿಲ್ಲದ ಕಷ್ಟ, ನಷ್ಟ, ಇಷ್ಟ, ಸ್ಪಷ್ಟಗಳಲ್ಲಿ ಟ.

ಪದಗಳು ಕೂಡುವ ಕಡೆ ದೀರ್ಘ ತಪ್ಪುವುದು ಮಕ್ಕಳಷ್ಟೇ ಮಾಡುವ ತಪ್ಪಲ್ಲ, ನಾವು ಪತ್ರಿಕೆಯವರೂ ಮಾಡುತ್ತೇವೆ. ಕೋಟ್ಯಾಂತರ ರೂಪಾಯಿ ಎಂಬ ತಲೆಬರಹ ಎಷ್ಟು ಸಲ ಅಚ್ಚಾಗಿದೆಯೋ. ಲಕ್ಷ ಮತ್ತು ಅಂತರ ಕೂಡಿದರೆ ಎರಡು ಅಕಾರಗಳು ಸೇರಿ ಲಕ್ಷಾಂತರ. ಕೋಟಿಯ ಕೊನೆಗಿರುವುದು ಇಕಾರ. ಅದು ಯಕಾರವಾಗಿ, ಅಂತರದ ಅ ಹ್ರಸ್ವವಾಗಿಯೇ ಉಳಿಯುತ್ತದೆ: ಕೋಟ್ಯಂತರ. ಕೋಟ್ಯಧಿಪತಿಯೂ ಹಾಗೆಯೇ. ಪಠ್ಯದ ಸಮಾಂತರ, ಪೂರ್ಣಾಂಕ, ನಿರ್ದೇಶಾಂಕಗಳು ಲಕ್ಷಾಂತರದ ಜಾತಿ, ವ್ಯವಕಲನ ಕೋಟ್ಯಂತರದ ಜಾತಿ. ವಿ, ಅವ, ಕಲನ ಎಂದು ಮೂರು ತುಂಡು ಮಾಡಿ ನೋಡಿದರೆ ಅಲ್ಲಿ ದೀರ್ಘಕ್ಕೆ ಜಾಗವೇ ಇಲ್ಲ. ಸಂಕಲನದ ಕಲನವೇ ವ್ಯವಕಲನದ್ದೂ. ಬಹುಪದೋಕ್ತಿಯ ದೋ ದೀರ್ಘ, ಏಕೆಂದರೆ ಬಹುಪದದ ಅ ಮತ್ತು ಉಕ್ತಿಯ ಉ ಸೇರಿ ಅಲ್ಲಿ ಓ ಆಗಿವೆ.

ಮೂಲವನ್ನೇ ಹಿಡಿದು ಜಗ್ಗಬಾರದ ಕಡೆಗಳೂ ಇವೆ. ಸಂಸ್ಕೃತ ಗ್ರಂಥಗಳಲ್ಲಿ ಗುಣಕಾರ, ಭಾಗಹಾರ ಎಂದಿದೆ. ಕನ್ನಡ ಶಾಲೆಗಳಲ್ಲಿ ತಲೆಮಾರುಗಳಿಂದ ಗುಣಾಕಾರ, ಭಾಗಾಕಾರ ಎಂದೇ ಕಲಿಸಿದ್ದೇವೆ. ಅವು ಈಗ ಕನ್ನಡದ ಪದಗಳು, ಮಗು ಹಾಗೆಯೇ ಬರೆಯಲಿ. ವ್ಯಾಕರಣ ಲಘುತಮ ಎನ್ನುತ್ತದೆ. ಮಹತ್ತಮದ ಜೊತೆ ಇದ್ದೂ ಇದ್ದೂ ಲಘುತ್ತಮವೇ ಶಾಲೆಯಲ್ಲಿ ರೂಢಿಯಾಗಿದೆ, ಅದನ್ನೂ ತಪ್ಪೆಂದು ಗೀಟು ಹೊಡೆಯುವ ಅಗತ್ಯ ನನಗೆ ಕಾಣುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು ಮ.ಸಾ.ಅ. ಮತ್ತು ಲ.ಸಾ.ಅ.ಗಳ ಕೊನೆಯ ಅಕಾರ. ಎರಡೂ ಅ ಒಂದೇ ಎಂದು ತಿಳಿದ ಮಕ್ಕಳು ಬಹಳ. ಮೊದಲನೆಯದು ಅಪವರ್ತನ, ಎರಡನೆಯದು ಅಪವರ್ತ್ಯ. 12ಕ್ಕೆ 4 ಅಪವರ್ತನ, 24 ಅಪವರ್ತ್ಯ. ಒಂದು ಯಕಾರದ ಒತ್ತು ಬಿಟ್ಟರೆ ಭಾಗಿಸುವ ಸಂಖ್ಯೆ ಯಾವುದು, ಭಾಗವಾಗುವ ಸಂಖ್ಯೆ ಯಾವುದು ಎಂಬುದೇ ತಿರುಗುಮುರುಗಾಗುತ್ತದೆ. ಇಂಥ ಕಡೆ ಕಾಗುಣಿತವೇ ಗಣಿತ, ಇಲ್ಲಿ ಮಾತ್ರ ಮೇಷ್ಟ್ರು ಅಂಕ ಕಳೆದರೆ ನಾನು ತಕರಾರು ಮಾಡುವುದಿಲ್ಲ. ಉಳಿದ ಕಡೆ ಲೆಕ್ಕ ಸರಿಯಿದ್ದರೆ ಪೂರ್ತಿ ಅಂಕ ಕೊಟ್ಟು, ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು, ಪಕ್ಕದಲ್ಲಿ ಒಂದು ನೆಂಟನ ಹೆಸರು ಬರೆದರೆ ಚೆನ್ನ. ಲಬ್ಧದ ಪಕ್ಕ ಲಾಭ, ಶ್ರೇಢಿಯ ಪಕ್ಕ ಪ್ರೌಢಶಾಲೆ. ಹೊಸ ಅಧ್ಯಾಯ ಶುರುವಾಗುವ ದಿನ ಅದರ ಐದಾರು ಪದಗಳನ್ನು ಹೀಗೆ ನೆಂಟರೊಂದಿಗೆ ಕರಿಹಲಗೆಯ ಮೂಲೆಯಲ್ಲಿ ಬರೆದು, ಅಧ್ಯಾಯ ಮುಗಿಯುವವರೆಗೆ ಒರೆಸದೆ ಬಿಟ್ಟರೆ ಇನ್ನೂ ಚೆನ್ನ.

ಕೊನೆಗೆ, ಅಚ್ಚಗನ್ನಡದ ಪದಗಳ ಮಾತು. ಒಂದರಿಂದ ತೊಂಬತ್ತೊಂಬತ್ತರವರೆಗೆ ನಮ್ಮ ಎಣಿಕೆ ಪೂರ್ತಿ ಕನ್ನಡದ್ದು. ಆ ತೊಂಬತ್ತೊಂಬತ್ತು ಹೆಸರುಗಳಲ್ಲಿ ಒಂದೇ ಒಂದು ಮಹಾಪ್ರಾಣವಿಲ್ಲ, ಶ ಇಲ್ಲ, ಷ ಇಲ್ಲ, ಋ ಇಲ್ಲ. ಆದರೂ ಒಂಭತ್ತು, ಎಂಭತ್ತು, ತೊಂಭತ್ತು ಎಂದು ಮದುವೆ ಕರೆಯೋಲೆಗಳಲ್ಲಿ, ಚೆಕ್ಕುಗಳಲ್ಲಿ, ಪುಸ್ತಕಗಳಲ್ಲಿ ಕಾಣುತ್ತದೆ. ಈ ಪದಗಳ ಒಳಗಿರುವುದು ಹಳಗನ್ನಡದ ಪತ್ತು, ಇಂದಿನ ಹತ್ತು. ಇಪ್ಪತ್ತು, ಎಪ್ಪತ್ತುಗಳಲ್ಲಿ ಆ ಪಕಾರ ಹಾಗೆಯೇ ಉಳಿದಿದೆ. ಮೂವತ್ತು, ನಲವತ್ತು, ಐವತ್ತು, ಅರವತ್ತುಗಳಲ್ಲಿ ವಕಾರವಾಗಿದೆ. ಮೂಗಿನ ಧ್ವನಿಯ ನಂತರ ಬಂದಾಗ ಬಕಾರವಾಗಿದೆ: ಒಂಬತ್ತು, ಎಂಬತ್ತು, ತೊಂಬತ್ತು. ಪಕಾರಕ್ಕೆ ಇಲ್ಲದ ಉಸಿರು ಬಕಾರಕ್ಕೆ ಎಲ್ಲಿಂದ ಬರಬೇಕು? ಅಂಗಡಿಯ ಚೀಟಿಯಲ್ಲಿ 999 ಎಂದು ಕಂಡಾಗ ಒಮ್ಮೆ ಅಕ್ಷರದಲ್ಲಿ ಬರೆದು ನೋಡಿ: ಒಂಬೈನೂರ ತೊಂಬತ್ತೊಂಬತ್ತು. ಮೂರು ಕಡೆ ಬ ಬರುತ್ತದೆ, ಮೂರಕ್ಕೂ ಹೊಟ್ಟೆ ಸೀಳುವುದಿಲ್ಲ.